ಚಾಂದಿಯ ತವರುಮನೆ

ಮುನವಳ್ಳಿ
ಭಾನುವಾರ, ೧೨ ಜನವರಿ ೨೦೨೫

ಪ್ರೀತಿಯ ನಾಜಿಮಾ,

ನಿನ್ನ ಮಂಜುಳಾಳ ಸಲಾಮು. ರಹಿಮಾನಸಾಬ ಕಾಕಾನಿಗೆ, ಕಾಕುಗೆ, ವಾಸೀಮ್ ಅಣ್ಣನಿಗೆ ನನ್ನ ನಮಸ್ಕಾರ ಮುಟ್ಟಿಸು. ನಿಮ್ಮ ಅಜ್ಜಿ ಅಮೀರಬಿ ಆಯಿಯ ಕಾಲು ಮುಟ್ಟಿ ನಮಸ್ಕಾರ ಮಾಡಿದ್ದೇನೆ ಎಂದು ಹೇಳು. ಅವಳಿಗೆ ಈಚೆಗೆ ಕಿವಿ ಮಂದವಾಗಿದ್ದರೆ ಜೋರಾಗಿ ಹೇಳು.

ನೀವು ರಾಮದುರ್ಗಕ್ಕೆ ಹೋದಮೇಲೆ ಒಂದು ಯುಗಾದಿ, ಒಂದು ದೀಪಾವಳಿ ಆಗಿಹೋದವು. ಇಷ್ಟು ದಿನ ಬರೆಯಲಿಲ್ಲ ಅಂತ ಸಿಟ್ಟಾಗಬೇಡ. ನಿನ್ನ ಮೊಬೈಲ್ ನಂಬರಿಗೆ ಹಚ್ಚಿದರೆ ಹತ್ತುವುದಿಲ್ಲ. ಬೇರೆ ನಂಬರ್ ಕೇಳೋಣವೆಂದರೆ ಯಾರನ್ನು ಕೇಳುವುದು? ನಾನು ಎಂಥವಳು ಅಂತ ನಿನಗೆ ಗೊತ್ತಲ್ಲ, ಕಿರಾಣಿ ಅಂಗಡಿಗೆ ಹೋದರೆ ಎದುರಿಗಿದ್ದ ಸಾಮಾನನ್ನೂ ಬೆರಳು ಮಾಡಿ ತೋರಿಸಿ ತರುವವಳು. ಕೊನೆಗೆ ರಾಮದುರ್ಗದ ಬಸ್ಸಿನ ಕಂಡಕ್ಟರ್ ಭರಮಪ್ಪ ಕಾಕಾ ತಾನಾಗಿಯೇ, "ರಹಿಮಾನಸಾಬನ ಟೆಂಪೋ ಸ್ಟ್ಯಾಂಡ್ ಹಂತೇಲಿ ನಿಂತಿರತೈತಿ, ಏನರ ಕೊಡೂದಿದ್ರ ಕೊಡವಾ" ಅಂದ. ಅವನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ನೀನು ಹೈಸ್ಕೂಲು ಕಲಿತವಳು, ನಾನು ಐದನೇತ್ತೆಗೆ ಪಾಟಿಚೀಲ ಗೂಟಕ್ಕೆ ಹಾಕಿದವಳು. ತಪ್ಪಿದ್ದರೆ ಒಬ್ಬಳೇ ನಕ್ಕುಬಿಡು.

ಮೊದಲು ಒಳ್ಳೆಯ ಸುದ್ದಿ. ಚಾಂದಿ ಮರಿ ಹಾಕಿದ್ದಾಳೆ. ಐದು. ಒಂದು ಉಳಿಯಲಿಲ್ಲ. ಉಳಿದ ನಾಲ್ಕು ನಾಯಿಮರಿಗಳಲ್ಲಿ ಮೂರು ಬೂದಿ ಬಣ್ಣದ ಗಂಡು, ಒಂದೇ ಒಂದು ಬಿಳಿ ಹೆಣ್ಣು. ಅದರ ತಲೆ ಈಗಲೇ ತಂಬಿಗೆಯಷ್ಟಿದೆ, ಕೊರಳ ಕೆಳಗೆ ತೊಗಲು ಜೋಲುತ್ತದೆ. ನಡೆಯಲು ಹೋಗಿ ತಲೆಯ ಭಾರಕ್ಕೆ ಮುಗ್ಗರಿಸುತ್ತದೆ. ಎಲ್ಲಿ ಹಾಕಿದಳು ಅಂತ ಕೇಳು. ನಮ್ಮ ಮನೆಯಲ್ಲಿ ಅಜ್ಜ ಹೊಟ್ಟು ಹಾಸಿ, ಗೋಣಿಚೀಲ ಕಟ್ಟಿ, ಗಾಳಿ ಬಾರದಂತೆ ಮರೆ ಮಾಡಿದ್ದ. ಅದನ್ನೆಲ್ಲ ಬಿಟ್ಟು ಚಾಂದಿ ನಿಮ್ಮ ಮನೆಯ ಹಿತ್ತಲಿಗೆ ಹೋಗಿ, ಕಾಕಾ ಹಳೇ ಟೈರು ಇಡುತ್ತಿದ್ದ ಚಪ್ಪರದ ಮೂಲೆಯಲ್ಲಿ ಹಾಕಿದಳು. ಮನೆಗೆ ಬೀಗ ಇದೆ. ಹಿತ್ತಲ ಬೇಲಿಯನ್ನು ಅವಳೇ ಸರಿಸಿಕೊಂಡು ಹೋಗಿದ್ದಾಳೆ.

ಬೆಳಿಗ್ಗೆ ನಾನು ಹುಡುಕಿ ಬಂದು ಅಜ್ಜನಿಗೆ ಹೇಳಿದೆ. ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಂಡ. ಆಮೇಲೆ ಅಂದ:

"ಚೊಚ್ಚಲ ಬಾಣಂತನ ಎಲ್ಲಿ ಆಗಬೇಕ ಮಂಜವ್ವಾ?"

"ತವರಮನ್ಯಾಗ."

"ಅದಕ್ಕ ತಿಳಿತು. ನನಗ ತಿಳೀಲಿಲ್ಲ."

ಆ ದಿನವೇ, "ನಾಜಿಮಾಗ ಪತ್ರ ಬರಿ" ಎಂದು ನನ್ನ ಬೆನ್ನು ಹತ್ತಿದ. ಈಗಲೂ ಪಕ್ಕದಲ್ಲೇ ಕುಳಿತಿದ್ದಾನೆ. ಬರೆದದ್ದನ್ನು ಓದಿಸಿ ಕೇಳುತ್ತಾನೆ, ಸೇರದಿದ್ದರೆ ತಿದ್ದಿಸುತ್ತಾನೆ. ಹೆಸರಿಗೆ ನಿನಗೆ ಬರೆದ ಪತ್ರ, ಹೇಳುವುದೆಲ್ಲ ಆಯಿಗೆ. ಆದ್ದರಿಂದ ಆಯಿಯನ್ನು ಕೂರಿಸಿಕೊಂಡು ಓದು. ನಿನಗೆ ಗೊತ್ತಿದ್ದದ್ದನ್ನೇ ಮತ್ತೆ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ. "ಲಾಡಸಾಬನ ಕತಿ ಒಂದಕ್ಷರ ಬಿಡದ ಬರಿ. ಆಕಿ ನಾಕು ಮಂದಿ ಮುಂದ ಸುಳ್ಳು ಅಂದಬಿಟ್ಲು. ನಾ ಖರೇ ಅಂತೇನಿ. ನನ್ನ ಕೈಲೆ ಬರಸಿ ಕಳಸೇನಿ ಅಂತ ಹೇಳು" ಎಂದು ಅಜ್ಜನ ಅಪ್ಪಣೆಯಾಗಿದೆ.

ಅಜ್ಜ ಹೇಳಿದಂತೆ ಬರೆಯುತ್ತೇನೆ.

ನಿಮ್ಮ ಅಪ್ಪ ರಹಿಮಾನಸಾಬ ಇನ್ನೂ ಅಂಗಿಯ ಗುಂಡಿ ಹಾಕಿಕೊಳ್ಳಲು ಬಾರದಷ್ಟು ಸಣ್ಣವನಿದ್ದಾಗಿನ ಮಾತು. ನಿಮ್ಮ ದಾದಾ, ಆಯಿಯ ಗಂಡ ಲಾಡಸಾಬ ಬೈಲಹೊಂಗಲದಲ್ಲಿ ಹತ್ತಿಯ ಅಂಡಿಗೆ ಹೇರಿಕೊಂಡು ಪಂಜಾಬಕ್ಕೆ ಲಾರಿ ಹೊಡೆಯುತ್ತಿದ್ದ. ಅಮೃತಸರದ ಆಚೆ ಒಂದು ಧಾಬಾದಲ್ಲಿ ಮಂಜು ಬಿದ್ದು ಲಾರಿಗಳೆಲ್ಲ ನಿಂತುಹೋದವು. ಅಲ್ಲಿ ಒಬ್ಬ ಮುದುಕ ಸರದಾರಜಿ, ಅವನ ಬಾಗಿಲಲ್ಲಿ ಕರುವಿನಷ್ಟು ದೊಡ್ಡ ಬಿಳಿ ನಾಯಿ. ದೇಶ ಒಡೆದಾಗ ಅವನ ಅಪ್ಪ ಲಾಹೋರಿನ ಕಡೆಯಿಂದ ಗಂಟುಮೂಟೆ ಕಟ್ಟಿಕೊಂಡು ಬಂದಾಗ ಜೊತೆಗೆ ನಡೆದು ಬಂದ ನಾಯಿಯ ಸಂತಾನವಂತೆ. ಅದರ ಒಂದು ಹೆಣ್ಣುಮರಿ ಲಾಡಸಾಬನ ಕಾಲ ಮೇಲೆ ಮಲಗಿದ್ದು ಏಳಲೇ ಇಲ್ಲ. ಸರದಾರಜಿ ನಕ್ಕು, "ಇವಳು ನಿನ್ನನ್ನು ಒಪ್ಪಿಕೊಂಡಳು, ಒಯ್ಯಿ. ಮಗಳನ್ನು ಕೊಟ್ಟ ಹಾಗೆ ಕೊಡುತ್ತಿದ್ದೇನೆ, ಸುಖದಿಂದ ಇದ್ದಾಳೆಂದು ಸುದ್ದಿ ಮುಟ್ಟಿಸು" ಎಂದನಂತೆ. ಸೀಟಿನ ಕೆಳಗೆ ಚೀಲ ಹಾಸಿ, ಬಟ್ಟೆಯ ತುದಿಯನ್ನು ಹಾಲಲ್ಲಿ ಅದ್ದಿ ಕುಡಿಸುತ್ತ ಲಾಡಸಾಬ ಅದನ್ನು ಮುನವಳ್ಳಿಗೆ ತಂದ. ಆಯಿ ಚಾಂದಿ ಎಂದು ಕರೆದಳು. ನನ್ನ ಅಜ್ಜ ಬೆಳ್ಳಿ ಎಂದ. ಎರಡಕ್ಕೂ ಓ ಅನ್ನುತ್ತಿತ್ತು. ಅದರ ವಂಶದಲ್ಲಿ ಮನೆಯಲ್ಲಿ ಉಳಿಸಿಕೊಂಡ ಹೆಣ್ಣುಮರಿಗೆಲ್ಲ ಅದೇ ಹೆಸರು, ಈಗಿನ ಚಾಂದಿಯೂ ಅದರದೇ ಸಂತಾನ.

ಮುಂದಿನ ಖೇಪಿಗೆ ಲಾರಿ ಹೊರಟಾಗ ಆಯಿ ಆ ಸರದಾರಜಿಗೆಂದು ಕಟಕ ರೊಟ್ಟಿ, ಶೇಂಗಾ ಚಟ್ನಿ, ಎಳ್ಳಿನ ಹೋಳಿಗೆ ಕಟ್ಟಿಕೊಟ್ಟಳು. ಬೀಗರ ಮನೆಗೆ ಕಳಿಸುವ ಬುತ್ತಿ ಅಂತ ಊರೆಲ್ಲ ನಕ್ಕಿತು. ಬುತ್ತಿ ಮುಟ್ಟಿತೋ ಇಲ್ಲವೋ ಯಾರಿಗೂ ಗೊತ್ತಾಗಲಿಲ್ಲ. ರಾಜಸ್ಥಾನದ ರಸ್ತೆಯಲ್ಲಿ ಲಾರಿ ಮಗುಚಿತು. ಲಾಡಸಾಬನನ್ನು ಅಲ್ಲಿಯವರೇ ಮಣ್ಣು ಮಾಡಿದರು. ಆಯಿ ಇವತ್ತಿಗೂ ಆ ಗೋರಿಯನ್ನು ಕಂಡವಳಲ್ಲ. ಆ ದಾರಿಯಿಂದ ಅವಳ ಮನೆಗೆ ಬಂದು ಉಳಿದದ್ದು ಚಾಂದಿ ಒಂದೇ.

ಇಷ್ಟು ಬರೆದು ಓದಿದಾಗ ಅಜ್ಜ ಹೂಂ ಅಂದ. ಮುಂದಿನದನ್ನು ಬರೆಯುವಾಗ ಎದ್ದುಹೋಗಿ ಎಮ್ಮೆಗೆ ನೀರು ಕುಡಿಸಿ ಬಂದ.

ಅಜ್ಜನ ಕತೆ ಬೇರೆ, ಅದು ನಿನಗೂ ಬಾಯಿಪಾಠ. ನಮ್ಮ ಹಿರಿಯರು ಕಿತ್ತೂರ ಕೋಟೆಯ ಅಗಸಿ ಬಾಗಿಲು ಕಾಯುವವರಂತೆ. ಅಗಸಿಯಲ್ಲಿ ಹುಲಿಯಂಥ ನಾಯಿಗಳಿದ್ದವಂತೆ. ಕೋಟೆ ಬಿದ್ದಾಗ ನಮ್ಮ ಮುತ್ತಜ್ಜನ ಅಜ್ಜ ಎರಡು ಮರಿಗಳನ್ನು ಕಂಬಳಿಯಲ್ಲಿ ಸುತ್ತಿಕೊಂಡು ಹೊಳೆ ದಾಟಿ ಬಂದನಂತೆ. ಈಗಲೂ ಗಂಡು ಮರಿ ಬೇಕಾದರೆ ಅಜ್ಜ ಕಿತ್ತೂರ ಕಡೆಯ ತನ್ನ ತಂಗಿಯ ಊರಿನಿಂದಲೇ ತರುತ್ತಾನಲ್ಲ. ನಿಮ್ಮ ಚಾಂದಿಗೆ ನಮ್ಮ ಗಂಡು. ಅದಕ್ಕೇ ನಮ್ಮಿಬ್ಬರ ಮನೆಗಳು ಬೀಗರಾದದ್ದು. ಚಾಂದಿ ಈದಾಗಲೆಲ್ಲ ಗಂಡಿನ ಕಡೆಯವರೆಂದು ನನ್ನ ಅವ್ವ ಬಾಣಂತಿಗೆ ಕೊಡುವ ಅಳ್ವಿ ಗಂಜಿ ಮಾಡಿ ಒಯ್ಯಬೇಕು, ಆಯಿ ಅದನ್ನು ಬೆರಳಲ್ಲಿ ಅದ್ದಿ ನೆಕ್ಕಿ, "ಬೆಲ್ಲ ಕಡಿಮಿ ಆಗೇತಿ, ಗಂಡಿನವರ ಕೈ ಬಿಗಿ" ಅನ್ನಬೇಕು.

ಸಂಜೆಯಾದರೆ ನಿಮ್ಮ ಕಟ್ಟೆಯ ಮೇಲೆ ಅವರಿಬ್ಬರ ಜಗಳ. ನಾವಿಬ್ಬರೂ ಅಕ್ಕಿ ಆರಿಸುತ್ತ ಕೇಳುತ್ತಿದ್ದೆವು.

"ಲಾರಿ ಸೀಟಿನ ಬುಡಕ ಹಾಲ ಕುಡಕೋತ ಮಲಗಿ ಬಂದ ನಾಯಿ ಏನ ಕಾವಲ ಕಾದೀತು? ಕಾವಲ ಇರೂದು ನಮ್ಮ ಕಿತ್ತೂರ ರಕ್ತದಾಗ."

"ಅಯ್ಯ ನಮ್ಮಪ್ಪಾ! ಕೋಟಿ ಬೀಳೂ ಹೊತ್ನ್ಯಾಗ ಕತ್ತಿ ಹಿಡಿಯೂದು ಬಿಟ್ಟು ನಾಯಿಮರಿ ಬಗಲಾಗ ಇಟಗೊಂಡು ಓಡಿ ಬಂದಾವ್ರು ನೀವು. ಆ ಕತಿ ಮತ್ತ ಮಂದಿ ಮುಂದ ಹೇಳ್ತಿಯಲ್ಲೋ ರಾಮಲಿಂಗಾ, ನಾಚಿಕಿ ಬರೂದಿಲ್ಲೇನ?"

"ಆಕಿ ಸುಳ್ಳು, ಆಕಿ ಲಾರಿ ಸುಳ್ಳು!"

"ಹೆಣ್ಣ ಕೊಟ್ಟ ಬೀಗರ ಮುಂದ ಮೀಸಿ ತಿರುವಬ್ಯಾಡ. ಚಹಾ ಕುಡದು ಮನಿಗಿ ನಡಿ."

ಅಷ್ಟಾದಮೇಲೆ ಅಜ್ಜ ಚಹಾ ಕುಡಿದು ಬರುತ್ತಿದ್ದ. ಆ ಜಗಳ ಆಗದ ದಿನ ಅವನಿಗೆ ಊಟ ಸೇರುತ್ತಿರಲಿಲ್ಲ. ಯಾರು ಗೆಲ್ಲಬೇಕೆಂದು ಇಬ್ಬರಿಗೂ ಇರಲಿಲ್ಲ ನಾಜಿಮಾ. ಗೆದ್ದರೆ ಮರುದಿನ ಏನು ಮಾತಾಡುವುದು?

ಬೈಲಹೊಂಗಲದ ಆ ಹುಡುಗರನ್ನು ಕರೆತಂದವನು ನಮ್ಮ ಓಣಿಯ ಪರಪ್ಪ. ದೇಶಿ ನಾಯಿಗಳ ಪ್ರದರ್ಶನ ಮಾಡುತ್ತೇವೆ, ವಿಡಿಯೋ ತೆಗೆಯುತ್ತೇವೆ ಅಂದರು. ಚಾಂದಿಯನ್ನು ನೋಡಿ, ಇದಕ್ಕೆ ಮೊಬೈಲಿನಲ್ಲಿ ಬುಲ್ಲಿ ಅನ್ನುತ್ತಾರೆ, ಕೆಲವರು ಸಿಂಧದ್ದು ಅನ್ನುತ್ತಾರೆ, ಕೆಲವರು ತಂಜಾವೂರಿನದು ಅನ್ನುತ್ತಾರೆ, ದೊರೆಗಳು ಹಡಗಿನಲ್ಲಿ ತಂದ ನಾಯಿಯ ಬೆರಕೆ ಅನ್ನುವವರೂ ಇದ್ದಾರೆ, ನೀವೇನಂತೀರಿ ಎಂದು ಇಬ್ಬರನ್ನೂ ಕೇಳಿದರು. ಆಯಿ ಸೆರಗು ಸರಿಮಾಡಿಕೊಂಡು ಸರದಾರಜಿಯ ಕತೆ ಹೇಳಿದಳು. ಅಜ್ಜ ಮೀಸೆ ತಿರುವಿ, ದಿನಾ ಅಂದ ಹಾಗೆಯೇ, ಆಕಿ ಸುಳ್ಳು, ಆಕಿ ಲಾರಿ ಸುಳ್ಳು ಅಂದ. ಆಯಿ ತಿರುಗಿ ಬೈದದ್ದನ್ನು ಅವರು ತೆಗೆದುಹಾಕಿದರು. ಲಾಹೋರು ಅಂದ ಮಾತನ್ನು ಮಾತ್ರ ಹಿಡಿದುಕೊಂಡು "ಮುನವಳ್ಳಿಯಲ್ಲಿ ಪಾಕಿಸ್ತಾನದ ನಾಯಿ" ಎಂದು ಮೇಲೆ ಬರೆದು ವಿಡಿಯೋ ಬಿಟ್ಟರು.

ಆಮೇಲಿನದು ನಿನಗೇ ಗೊತ್ತು. ವಾಸೀಮ್ ಅಣ್ಣ ಅಂಗಡಿಗೆ ಹೋದರೆ, "ನಿಮ್ಮ ನಾಯಿಗಿ ವೀಸಾ ಐತೇನ್ಲೇ?" ಎಂದು ನಗುವುದು. ಕಾಕಾನ ಟೆಂಪೋ ಹೇಳಿದವರು ಹಿಂದಿನ ದಿನ ಬೇಡ ಅನ್ನುವುದು. ಚಾಂದಿಗೆ ಕಲ್ಲು ಬಿದ್ದು ಕಾಲು ಎಳೆಯುತ್ತ ಬಂದದ್ದು. ಮೊದಮೊದಲು ತಮಾಷೆ ಅಂದುಕೊಂಡೆವು. ಎಷ್ಟು ಜನ ನಿಮ್ಮ ಕಟ್ಟೆಯಲ್ಲಿ ಚಹಾ ಕುಡಿದವರು ಆ ತಮಾಷೆಯಲ್ಲಿ ಸೇರಿಕೊಂಡರು ಅಂತ ಲೆಕ್ಕ ಹಾಕಲು ಹೋಗಲಿಲ್ಲ.

ಚಾವಡಿಯ ದಿನ ನೀನು ಸವದತ್ತಿಗೆ ಹೊಲಿಗೆ ಕ್ಲಾಸಿಗೆ ಹೋಗಿದ್ದೆ. ಬಂದಮೇಲೆ ಮನೆಯಲ್ಲಿ ಯಾರೂ ನಿನಗೆ ಸರಿಯಾಗಿ ಹೇಳಿರಲಿಕ್ಕಿಲ್ಲ. ನಾನು ನೀರಿನ ಕೊಡ ಇಟ್ಟುಕೊಂಡು ಬೇವಿನ ಗಿಡದ ಹಿಂದೆ ನಿಂತಿದ್ದೆ, ಎಲ್ಲ ಕಂಡಿದ್ದೇನೆ.

ಪರಪ್ಪ ಹಿರಿಯರನ್ನು ಕೂಡಿಸಿದ್ದ. ನಾಯಿಯನ್ನು ಕಿತ್ತೂರ ನಾಯಿ ಅಂತ ಪ್ರದರ್ಶನಕ್ಕೆ ಒಯ್ಯುವುದು, ಅದಕ್ಕೆ ಯಾರ ತಕರಾರೂ ಇರಬಾರದು, ಊರಿನ ಹೆಸರು ಕೆಡಬಾರದು ಎಂದ. ಆಯಿಗೆ ಅಂದ: "ನೀವು ಒಂದ ಮಾತು ಅಂದಬಿಡ್ರಿ ಬೀ. ನಾ ಹೇಳಿದ್ದು ಸುಳ್ಳು ಅನ್ರಿ. ಇಲ್ಲಿಗಿ ಎಲ್ಲಾ ಥಣ್ಣಗ ಆಗತೈತಿ. ನಿಮ್ಮ ಮಗಂದೂ ಗಾಡಿ ನಡೀತೈತಿ."

ಆಯಿ ನೆಲ ನೋಡುತ್ತ ನಿಂತಿದ್ದಳು. ಕಾಕಾ ಏನೋ ಹೇಳಲು ಹೋದಾಗ ಕೈ ಅಡ್ಡ ಮಾಡಿದಳು. ಆಮೇಲೆ ತಲೆಯ ಮೇಲಿನ ಸೆರಗು ಎಳೆದುಕೊಂಡು ಹೇಳಿದಳು:

"ಹೌದ್ರಿ. ನಾ ಹೇಳಿದ್ದು ಸುಳ್ಳು. ನಾಯಿ ರಾಮಲಿಂಗಪ್ಪನವರದು. ನಮ್ಮವರು ಪಂಜಾಬದಿಂದ ಯಾವ ನಾಯಿನೂ ತರಲಿಲ್ಲ."

ಅದನ್ನು ಕೇಳಿ ಅಜ್ಜ ನಕ್ಕ ನಾಜಿಮಾ.

ತೊಡೆ ತಟ್ಟಿಕೊಂಡು ಗಟ್ಟಿಯಾಗಿ ನಕ್ಕ. "ಅಂತೂ ಸೋತಿ ನೋಡು ಬೀಗತಿ!" ಅಂದ. ದಿನಾ ಸಂಜೆಯ ಹಾಗೆ ಈಗ ಆಕೆ ತಿರುಗಿ ಬೀಳುತ್ತಾಳೆ, ಒಂದು ಮಾತಿಗೆ ಹತ್ತು ಮಾತು ಕೊಟ್ಟು ಪರಪ್ಪನನ್ನೂ ಸೇರಿಸಿ ಜಾಡಿಸುತ್ತಾಳೆ ಎಂದು ಕಾದ. ಬೈಗುಳ ಸುರಿಯುವ ಮುಂಚೆ ಅವಳು ಹಾಗೆ ಸುಮ್ಮನಾಗುವುದುಂಟಲ್ಲ, ಅದೇ ಅಂದುಕೊಂಡ. ಅವನು ನಕ್ಕದ್ದನ್ನು ಕಂಡು ಚಾವಡಿಯ ಮಂದಿಯೆಲ್ಲ ನಕ್ಕರು. ಅವರು ನಕ್ಕದ್ದು ಬೇರೆ ನಗೆ. ಆಯಿ ತಲೆ ಎತ್ತಿ ಅಜ್ಜನನ್ನು ಒಮ್ಮೆ ನೋಡಿದಳು. ಮೆಟ್ಟಿಲು ಇಳಿದು ಹೋದಳು. ಅಜ್ಜನ ಕೈ ತೊಡೆಯ ಮೇಲೆ ಹಾಗೇ ಇತ್ತು.

ಆ ಸಂಜೆ ಅಜ್ಜ ನಿಮ್ಮ ಕಟ್ಟೆಗೆ ಬಂದಿದ್ದ. ಬಾಗಿಲು ಮುಚ್ಚಿತ್ತು. ಮರುದಿನವೂ ಬಂದಿದ್ದ. ಯುಗಾದಿಯ ಮುಂಚೆ ನೀವು ಸಾಮಾನು ಹೇರುವಾಗ ಆಯಿ ಚಾಂದಿಯ ಸರಪಳಿಯನ್ನು ಅಜ್ಜನ ಕೈಗೆ ಕೊಟ್ಟು, "ನಿಮ್ಮ ನಾಯಿ ನಿಮ್ಮ ಮನ್ಯಾಗ ಇರಲಿ" ಅಂದಳು. ಟೆಂಪೋ ಹೊರಟಾಗ ಚಾಂದಿ ಎಷ್ಟು ಜಗ್ಗಿತೆಂದರೆ ಅಜ್ಜನ ಅಂಗೈ ಸೀಳಿತು. ಗಾಯ ಮಾದಿದೆ, ಗೆರೆ ಇದೆ.

ಈ ಸಾಲು ಓದಿದಾಗ ಅಜ್ಜ, "ಗಾಯದ ಸುದ್ದಿ ತಗಿ, ಆಕಿ ಮರುಗ್ಯಾಳು" ಅಂದ. ತೆಗೆದಿಲ್ಲ. ತೆಗೆದೆ ಎಂದು ಹೇಳಿದ್ದೇನೆ.

ಅಂದಿನಿಂದ ಚಾಂದಿ ಬೆಳಿಗ್ಗೆಯೆಲ್ಲ ನಮ್ಮಲ್ಲಿ ಇದ್ದು, ಹೊತ್ತು ಇಳಿದರೆ ನಿಮ್ಮ ಕಟ್ಟೆಯ ಮೇಲೆ ಹೋಗಿ ಬೀಗದ ಕಡೆ ಮುಖ ಮಾಡಿ ಮಲಗುತ್ತಾಳೆ. ಅವಳನ್ನು ಕರೆತರುತ್ತೇನೆಂದು ಹೋದ ಅಜ್ಜ ತಾನೂ ಅಲ್ಲೇ ಕುಳಿತುಬಿಡುತ್ತಾನೆ. ನಾನು ಚಹಾ ಅಲ್ಲಿಗೇ ಒಯ್ಯುತ್ತೇನೆ.

ಮರಿ ಹಾಕಿದ ಸುದ್ದಿ ತಿಳಿದು ಪರಪ್ಪ ಮತ್ತೆ ಆ ಹುಡುಗರನ್ನು ಕರೆದುಕೊಂಡು ಬಂದ. ಕಿತ್ತೂರ ಕೋಟೆಯ ನಾಯಿಯ ಮರಿಗಳು ಅಂತ ವಿಡಿಯೋ ಮಾಡುತ್ತೇವೆ, ಮೊದಲಿನ ಕತೆ ಇನ್ನೊಮ್ಮೆ ಹೇಳಿರಿ ಅಂದರು. ಅಜ್ಜ ನಿಮ್ಮ ಹಿತ್ತಲಲ್ಲಿ ಚಾಂದಿಗೆ ಗಂಜಿ ಕುಡಿಸುತ್ತಿದ್ದ. ಏಳಲಿಲ್ಲ.

"ಈ ನಾಯಿ ಎಲ್ಲಿಂದ ಬಂತು ಕೇಳ್ತೀರಿ ಹೌದಿಲ್ಲೋ? ಲಾಡಸಾಬ ಅಂತ ನನ್ನ ದೋಸ್ತ ಇದ್ದ. ಅಂವ ಲಾರಿ ಸೀಟಿನ ಬುಡಕ ಇಟಗೊಂಡು ತಂದ. ಇದು ಅವನ ಹೇಣತಿ ಮನಿ. ಅದಕ್ಕ ಇಲ್ಲಿ ಬಂದು ಈದೈತಿ. ಬರಕೋರಿ."

ಪರಪ್ಪ ಸಿಟ್ಟಿಗೆದ್ದ. "ಏನಂತೀಯೋ ಮುದುಕಾ? ಅವತ್ತ ಆಕಿನ ತನ್ನ ಬಾಯಿಲೆ ಸುಳ್ಳು ಅಂದಾಳ!"

"ಆಕಿ ಸುಳ್ಳು ಅಂದದ್ದ ಸುಳ್ಳು" ಅಂದ ಅಜ್ಜ. "ಮತ್ತ ನಿನಗ ಪಾಕಿಸ್ತಾನದ ನಾಯಿ ಬ್ಯಾಡಲ್ಲ, ಮರಿ ಹತ್ರ ಬರಬ್ಯಾಡ. ತಾಯಿ ಬಾಣಂತಿ ಅದ, ಕಡದೀತು."

ಚಾಂದಿ ಆಗ ಒಮ್ಮೆ ಗುರ್ ಅಂದಳು. ಮೊಬೈಲ್ ಹಿಡಿದವನು ಬೇಲಿ ಹಾರಿ ಪ್ಯಾಂಟು ಹರಿದುಕೊಂಡ. ಆಯಿಗೆ ಇದನ್ನು ಮರೆಯದೆ ಹೇಳು, ನಗುತ್ತಾಳೆ. ಅಜ್ಜನ ಮಾತಿನಿಂದ ಊರು ಬದಲಾಗಿದೆ ಅಂತ ಬರೆದರೆ ಸುಳ್ಳಾಗುತ್ತದೆ. ಪರಪ್ಪ ಮಾತು ಬಿಟ್ಟಿದ್ದಾನೆ, ಇನ್ನೂ ಕೆಲವರು ಬಿಟ್ಟಿದ್ದಾರೆ. ನಮ್ಮ ಮನೆಯ ಗೋಡೆಗೂ ಯಾರೋ ಇದ್ದಲಿಯಿಂದ ಏನೋ ಗೀಚಿದ್ದರು. ಅವ್ವ ಸಾರಿಸಿಬಿಟ್ಟಳು.

ಇಂದಿಗೆ ಇಷ್ಟು ಸಾಕು. ನಾಳೆ ಸಂಕ್ರಾಂತಿ ಸಂತೆಗೆ ಯರಗಟ್ಟಿಗೆ ಹೋಗುವುದಿದೆ. ಉಳಿದದ್ದನ್ನು ಬಂದು ಬರೆಯುತ್ತೇನೆ.

ಬುಧವಾರ, ೧೫ ಜನವರಿ

ನಾಜಿಮಾ, ಸೋಮವಾರ ಯರಗಟ್ಟಿಗೆ ಹೋಗಿ ಬಂದೆ. ಕುಸುರೆಳ್ಳು ತಂದೆ. ಬಳೆ ಇಡಿಸಿಕೊಂಡೆ. ಅಲ್ಲಿ ಬಳೆ ಅಂಗಡಿಯ ನಿನ್ನ ಖಾಲಾ, ನಮ್ಮ ಕಾಕುನ ತಂಗಿ, ಸಿಕ್ಕಿದ್ದರು. ಎಲ್ಲರೂ ಆರಾಮ ಇದ್ದೀರಿ ಎಂದು ಹೇಳಿದರು. ಬಳೆ ಇಡಿಸುವಾಗ ಒಂದು ಒಡೆದು ಕೈಗೆ ಚುಚ್ಚಿತು, ಅದಕ್ಕೇ ಅಕ್ಷರ ಸೊಟ್ಟಾಗಿವೆ. ಸಂತೆಯಿಂದ ಬಂದಾಗ ಅಜ್ಜ, "ಕಣ್ಣ ಯಾಕ ಕೆಂಪಾಗ್ಯಾವ?" ಎಂದು ಕೇಳಿದ. ಧೂಳು ಅಂದೆ.

ನಿನ್ನೆ ಹಬ್ಬ. ಹೊಳೆಗೆ ಹೋಗಿ ಬಂದು ಊಟ ಮಾಡಿದೆವು. ಅಜ್ಜ ಸಜ್ಜಿ ರೊಟ್ಟಿ, ಎಣಗಾಯಿ ಕಟ್ಟಿಸಿಕೊಂಡು ನಿಮ್ಮ ಹಿತ್ತಲಿಗೆ ಹೋದ. ಚಾಂದಿಗೆ ಅರ್ಧ ಕೊಟ್ಟು ತಾನು ಅರ್ಧ ತಿಂದ. ಹೆಣ್ಣುಮರಿಗೆ ಕಣ್ಣು ತೆರೆದು ಬಹಳ ದಿನವಾಯಿತು, ಈಗ ಬಟ್ಟೆ ಹಿಡಿದು ಜಗ್ಗುತ್ತದೆ. ಅದರ ಕಿವಿ ಕತ್ತರಿಸುವುದು ಬೇಡ, ಆಯಿಗೆ ಸೇರುವುದಿಲ್ಲ ಎಂದು ಅಜ್ಜ ಬಿಟ್ಟಿದ್ದಾನೆ.

ಅಜ್ಜ ಹೇಳಿದ ಮಾತುಗಳನ್ನು ಅವನು ಹೇಳಿದ ಹಾಗೆಯೇ ಬರೆಯುತ್ತೇನೆ. ನೀನು ಹಾಗೆಯೇ ಓದು.

"ಬೀಗತಿ, ರಾಮಲಿಂಗ ಸೋತಾನ. ನಾಯಿ ನಿಮ್ಮದು. ಲಾರಿ ಖರೇ, ಸೀಟ ಖರೇ, ಸರದಾರ ಖರೇ. ಅವತ್ತ ನೀ ಆಟ ಆಡಾಕತ್ತೀ ಅಂತ ತಿಳದು ನಕ್ಕನಿ. ನಿನ್ನ ಬಾಯಾಗ ಸೋಲಿನ ಮಾತ ಬರತೈತಿ ಅಂತ ನಾ ಯಾವತ್ತೂ ಅನಕೊಂಡಿರಲಿಲ್ಲ. ಮರಿ ತಾಯಿ ಹಾಲ ಬಿಟ್ಟ ಮ್ಯಾಲ ನಾನ ತಗೊಂಡು ರಾಮದುರ್ಗಕ್ಕ ಬರತೇನಿ. ಬಾಗಲಾ ತಗಿ, ಇಲ್ಲಾ ಬಾಗಲದಾಗ ನಿಲ್ಲಿಸಿ ಬೈ. ಬೈಗುಳ ಮಾತ್ರ ಕಡಿಮಿ ಮಾಡಬ್ಯಾಡ."

ಇದನ್ನು ಓದಿಸಿ ಕೇಳಿ, ಇನ್ನೂ ಒಂದು ಮಾತು ಸೇರಿಸು ಅಂದ. "ಹಾಳಿ ಕೆಳಗ ಜಾಗಾ ಬಿಡು. ಆಕಿ ಏನ ಬೈತಾಳ, ನಾಜಿಮಾ ಅಲ್ಲೇ ಬರದು ಇದ ಹಾಳಿ ತಿರುಗಿ ಕಳಸಲಿ. ಸವಾಲು ಜವಾಬು ಒಂದ ಹಾಳ್ಯಾಗ ಇರಬೇಕು." ಬಿಡುತ್ತೇನೆ ಅಂದೆ.

ಚೀಟಿಯಲ್ಲಿ ಕಟ್ಟಿದ ಕುಸುರೆಳ್ಳು ನಿಮ್ಮೆಲ್ಲರಿಗೆ. ಎಳ್ಳು ಬೆಲ್ಲ ತಗೊಂಡು ಎಳ್ಳು ಬೆಲ್ಲದಂಗ ಇರೋಣ. ನಿನ್ನ ಹೊಲಿಗೆ ಮಷಿನ್ನಿನ ಸಪ್ಪಳ ನಿಲ್ಲದಿರಲಿ, ವಾಸೀಮ್ ಅಣ್ಣನಿಗೆ ಕೆಲಸ ಸಿಗಲಿ, ಕಾಕಾನ ಗಾಡಿಗೆ ದಿನಾ ಬಾಡಿಗೆ ಇರಲಿ. ದೊಡ್ಡವರ ಆಶೀರ್ವಾದ ನನ್ನ ಮೇಲಿರಲಿ.

ನಿನ್ನ ಗೆಳತಿ,
ಮಂಜುಳಾ

ಇದು ಬೇರೆ ಮಾತು. ಇಲ್ಲಿಂದ ಮುಂದಿನದನ್ನು ಅಜ್ಜನಿಗೆ ಓದಿಲ್ಲ. ಅವನು ಈಗ ಚಾಂದಿಗೆ ಗಂಜಿ ಒಯ್ದಿದ್ದಾನೆ.

ಎಲ್ಲರೂ ಆರಾಮ ಅಂತ ಮೇಲೆ ಬರೆದದ್ದು ಅಜ್ಜನ ಕಿವಿಗಾಗಿ. ನಿನ್ನ ಖಾಲಾ ಎಲ್ಲ ಹೇಳಿದರು. ಆಯಿ ಹೋದಳಂತೆ. ನಲವತ್ತನೆಯ ದಿನದ ಫಾತಿಹಾ ಕೂಡ ಮುಗಿಯಿತಂತೆ. ನಮಗೆ ಗೊತ್ತಿದೆ ಅಂದುಕೊಂಡು ಅವರು ಹೇಳಿದರು. ನನ್ನ ಮುಖ ನೋಡಿ, ಹಿಡಿದಿದ್ದ ಬಳೆಯನ್ನು ಒತ್ತಿ ಒಡೆದುಬಿಟ್ಟರು.

ನಿನ್ನ ಮೇಲೆ ಸಿಟ್ಟು ಮಾಡುವ ಹಕ್ಕು ನನಗೆ ಉಳಿದಿದೆಯೋ ಇಲ್ಲವೋ ಗೊತ್ತಿಲ್ಲ. ಆದರೂ ಕೇಳುತ್ತೇನೆ. ಒಂದು ಮಾತು ಹೇಳಿಕಳಿಸಬಾರದಿತ್ತೇ ನಾಜಿಮಾ? ಅಜ್ಜ ನಡೆದುಕೊಂಡಾದರೂ ಬರುತ್ತಿದ್ದ. ಒಂದು ಹಿಡಿ ಮಣ್ಣು ಹಾಕುತ್ತಿದ್ದ. ನಮ್ಮ ಓಣಿಯಲ್ಲಿ ಯಾರು ಹೋದರೂ ನಿಮ್ಮ ಮನೆಯವರು ಬಾರದೆ ಹೆಣ ಎದ್ದದ್ದಿಲ್ಲ. ನೀವು ಬೇಕೆಂದೇ ಹೇಳಲಿಲ್ಲವೋ, ನಾವು ಬರುವುದಿಲ್ಲ ಅಂದುಕೊಂಡಿರೋ? ಎರಡರಲ್ಲಿ ಯಾವುದಾದರೂ ನನಗೆ ಅಷ್ಟೇ ನೋವು.

ಇನ್ನೊಂದನ್ನೂ ಖಾಲಾ ಹೇಳಿದರು. ವಾಸೀಮ್ ಅಣ್ಣನ ಮಗಳು, "ದೊಡ್ಡ ದಾದಾ ತಂದ ನಾಯಿಯ ಕತೆ ಹೇಳು" ಎಂದು ಕೇಳಿದಾಗಲೆಲ್ಲ ಆಯಿ, "ನಮ್ಮವರು ಯಾವ ನಾಯಿನೂ ತರಲಿಲ್ಲ" ಅನ್ನುತ್ತಿದ್ದಳಂತೆ. ಮನೆಯೊಳಗೂ, ಮರಿಮಗಳಿಗೂ ಚಾವಡಿಯ ಮಾತನ್ನೇ ಹೇಳಿದಳಂತೆ. ಆದರೆ ಊಟಕ್ಕೆ ಕೂತಾಗ ರೊಟ್ಟಿಯ ಒಂದು ಚೂರು ಮುರಿದು 'ತಗೋ' ಎಂದು ಮಂಚದ ಕೆಳಗೆ ಕೈ ಇಳಿಬಿಟ್ಟು ಹಿಡಿದಿರುತ್ತಿದ್ದಳಂತೆ. ಅಲ್ಲಿ ಏನೂ ಇರುತ್ತಿರಲಿಲ್ಲ. ಸ್ವಲ್ಪ ಹೊತ್ತಾದಮೇಲೆ ಆ ಚೂರನ್ನು ತಾನೇ ತಿನ್ನುತ್ತಿದ್ದಳಂತೆ.

ಅಜ್ಜನಿಗೆ ಹೇಗೆ ಹೇಳಲಿ? ಹೇಳಲೇಬೇಕು, ಮರಿ ಹಾಲು ಬಿಟ್ಟ ದಿನ ಅವನು ಬಸ್ಸು ಹತ್ತುತ್ತಾನೆ. ಅಷ್ಟರೊಳಗೆ ನೀನು ಒಮ್ಮೆ ಬರುತ್ತೀಯಾ? ಬಂದು ನೀನೇ ಹೇಳು. ಆಯಿ ಬೈಯುವ ಹಾಗೆ ಬೈದು ಹೇಳು, ನಿನಗೆ ಅವಳ ದನಿ ಬರುತ್ತದೆ. ಹೆಣ್ಣುಮರಿಯನ್ನು ನಿನ್ನ ಮಡಿಲಿಗೆ ಹಾಕುತ್ತೇನೆ. ಬೇಡವೆಂದರೆ ಅದೂ ಸರಿ, ನಿನ್ನ ಬಾಯಿಂದಲೇ ಬೇಡ ಅನ್ನು.

ಅಜ್ಜ ಹಿತ್ತಲಿನಿಂದ ಬಂದ. ಅಂಗಳದಲ್ಲಿ ನಿಂತು ಕೇಳುತ್ತಿದ್ದಾನೆ.

"ಮಂಜವ್ವಾ, ಆಕಿ ಬೈಯಾಕ ಜಾಗಾ ಬಿಟ್ಟೀಯಿಲ್ಲೋ?"

"ಬಿಟ್ಟೇನಿ ಅಜ್ಜಾ" ಅಂದೆ. ಆ ಜಾಗದಲ್ಲೇ ಇದನ್ನೆಲ್ಲ ಬರೆದಿದ್ದೇನೆ.